ಕಣ್ಣಳತೆಗೆ ಒಂದೇ ಹನಿ

ನಮ್ಮ ಮಾವಶಿಯ ಮನೆಯಲ್ಲಿ ಯಾರಿಗೂ ಒಬ್ಬರೇ ಕಾಯಿಲೆ ಬೀಳುವ ಹಕ್ಕಿಲ್ಲ. ಬಿದ್ದರೆ ಅದನ್ನೂ ಪಾಲು ಮಾಡಬೇಕು!

ಮಾವಶಿ ಎಂದರೆ ನನ್ನ ಯಜಮಾನರ ತಾಯಿಯ ತಂಗಿ. ಕಾರವಾರದ ಅಂಚಿನ ಕೋಡಿಬಾಗದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ. ವಯಸ್ಸೆಷ್ಟು ಎಂದು ಕೇಳಿದರೆ "ಎಪ್ಪತ್ತಕ್ಕೆ ಎರಡು ಕಡಿಮೆ" ಎನ್ನುತ್ತಾರೆ. ಆರು ವರ್ಷದಿಂದ ಅದೇ ಎರಡು ಕಡಿಮೆ! ಅವರ ಕೈಗೆ ಯಾವ ವಸ್ತು ಸಿಕ್ಕರೂ ಅದು ಮೊದಲು ಭಾಗವಾಗುತ್ತದೆ, ಆಮೇಲೆ ಬಳಕೆಗೆ ಬರುತ್ತದೆ. ಒಂದು ಪೇಡೆ ಸಿಕ್ಕರೆ ಎಂಟು ಚೂರು. ಒಂದು ಜ್ವರದ ಮಾತ್ರೆ ಸಿಕ್ಕರೆ ಎರಡು ಚೂರು: ಅರ್ಧ ಜ್ವರ ಬಂದವರಿಗೆ, ಇನ್ನರ್ಧ ಜ್ವರ ಬಂದವರನ್ನು ನೋಡಲು ಬಂದವರಿಗೆ. ದಿನಪತ್ರಿಕೆ ಬಂದರೆ ಹೊರಗಿನ ಹಾಳೆ ನಮಗೆ, ಒಳಗಿನ ಹಾಳೆ ಅವರ ಪಕ್ಕದ ಮನೆಗೆ. ಮುಖಪುಟದಲ್ಲಿ ಓಡಿಹೋದ ಕಳ್ಳ ಏಳನೇ ಪುಟದಲ್ಲಿ ಸಿಕ್ಕಿದನೋ ಇಲ್ಲವೋ ಎಂದು ತಿಳಿಯಲು ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿಯಬೇಕು.

ನಾನೋ, ಭಾವಿಕೇರಿಯಲ್ಲಿ ಹುಟ್ಟಿ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅಲ್ಲಿ ನನ್ನ ನಂಬರು ಮೂವತ್ತೊಂದು. ಟವೆಲ್ಲಿಗೆ ಮೂವತ್ತೊಂದು, ಲೋಟಕ್ಕೆ ಮೂವತ್ತೊಂದು, ಸೋಪಿನ ಡಬ್ಬಿಗೆ ಮೂವತ್ತೊಂದು. ಮೂವತ್ತೆರಡರ ಲೋಟದಲ್ಲಿ ನೀರು ಕುಡಿದರೆ ಸಿಸ್ಟರ್ ಎದುರು ನಿಲ್ಲಬೇಕಾಗುತ್ತಿತ್ತು. ಹೀಗೆ ಬೆಳೆದವಳಿಗೆ ಇಂಥ ಮಾವಶಿ ಸಿಗಬೇಕೇ? ಅಡುಗೆಮನೆಯ ಡಬ್ಬಿಗಳಿಗೆಲ್ಲ ನಾನು ಚೀಟಿ ಅಂಟಿಸಿದ್ದನ್ನು ನೋಡಿದ ದಿನವೇ ಅವರು ನನಗೆ ಹೆಸರಿಟ್ಟರು: "ಕಾನ್ವೆಂಟಬಾಯಿ!"

ಈ ಹಂಚುವ ಚಟ ಅವರಿಗೆ ಬಂದದ್ದು ಸಮುದ್ರದ ದಂಡೆಯಿಂದ. ನಮ್ಮಲ್ಲಿ ಯೆಂಡಿ ಬಲೆ ಎಂದು ಒಂದುಂಟು. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತವರೆಲ್ಲ ಸೇರಿ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಮೀನಿನಲ್ಲಿ ಒಂದು ಪಾಲು. ಆ ಪಾಲು ಹಾಕುವವರು ನಮ್ಮ ಮಾವಶಿ. ತಕ್ಕಡಿ ಇಲ್ಲ, ಎಣಿಕೆ ಇಲ್ಲ. ಸೀರೆಯನ್ನು ಮೇಲಕ್ಕೆ ಕಟ್ಟಿ, ಬಲೆಯ ಮೀನನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಮರಳಿನ ಮೇಲೆ ಗುಪ್ಪೆ ಹಾಕುತ್ತ ಹೋಗುತ್ತಾರೆ. ಕಡೆಗೊಮ್ಮೆ ಸಾಲಿನ ತುದಿಯಲ್ಲಿ ನಿಂತು ನೋಡಿ, ಇಲ್ಲಿಂದ ಒಂದು ಬಂಗಡೆ ತೆಗೆದು ಅಲ್ಲಿ ಎಸೆದರೆ ಮುಗಿಯಿತು. ಒಬ್ಬರೂ ಚಕಾರ ಎತ್ತುವುದಿಲ್ಲ. ನಾನು ಒಮ್ಮೆ ಅನುಮಾನ ತಡೆಯಲಾರದೆ ನಮ್ಮ ಪಾಲನ್ನೂ ಪಕ್ಕದವರ ಪಾಲನ್ನೂ ಕೇಕಿನ ಹಿಟ್ಟು ತೂಗುವ ನನ್ನ ಪುಟ್ಟ ತಕ್ಕಡಿಯಲ್ಲಿ ಗುಟ್ಟಾಗಿ ತೂಗಿ ನೋಡಿದೆ. ವ್ಯತ್ಯಾಸ ಬಂದದ್ದು ಒಂದು ಬಾಲದಷ್ಟು!

ಅದೂ ಒಂದೇ ಕಣ್ಣಿನಲ್ಲಿ! ಬಲಗಣ್ಣಿಗೆ ಪೊರೆ ಬಂದು ಬಚ್ಚಲಿನ ಕಿಟಕಿಯ ಗಾಜಿನ ಹಾಗಾಗಿದೆ. ಬೆಳಕು ಬರುತ್ತದೆ, ಏನೂ ಕಾಣುವುದಿಲ್ಲ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಅವರದು ಒಂದೇ ಉತ್ತರ.

"ಒಂದು ಕಣ್ಣಲ್ಲೇ ಇಡೀ ಕೋಡಿಬಾಗ ಕಾಣ್ತದೆ ಗೋ. ಎರಡೂ ಸರಿಯಾದ್ರೆ ಮತ್ತೆಂತ, ಗೋವಾ ಕಾಣೂದಾ?"

ಹೋದ ವರ್ಷದಿಂದ ಮಾತ್ರ ಅವರ ಎಡಗಣ್ಣಿಗೆ ಒಬ್ಬ ವೈರಿ ಹುಟ್ಟಿಕೊಂಡಿದ್ದ. ಬ್ಯಾಟರಿ ಹಾಕುವ ಕಾಟಾ, ಅಂಕಿ ತೋರಿಸುವ ತಕ್ಕಡಿ. "ಮಾವಶಿಗೆ ವಯಸ್ಸಾಯ್ತು, ಇನ್ನು ಕಾಟಾದಲ್ಲಿ ತೂಗಿ ಹಂಚುವ" ಎಂದು ಬಲೆಯವರಲ್ಲಿ ಕೆಲವರು ಶುರುಮಾಡಿದ್ದರು. ಮಳೆಗಾಲ ಕಳೆದು, ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮೊದಲ ಬಲೆ ಬೀಳುತ್ತದಲ್ಲ, ಆವತ್ತು ಪಾಲು ಹಾಕುವುದು ಮಾವಶಿಯೋ ಕಾಟಾವೋ? ಈ ಮಳೆಗಾಲವಿಡೀ ಕೋಡಿಬಾಗದಲ್ಲಿ ಇದೇ ಚರ್ಚೆ. ಮಾವಶಿ ಮಾತ್ರ ಎಲೆಯಡಿಕೆಯನ್ನು ಸಮಭಾಗ ಮಾಡುತ್ತ, "ಬರ್ಲಿ ಕಾಟಾ. ಅದಕ್ಕೂ ಒಂದು ಪಾಲು ಹಾಕ್ತೆ" ಎನ್ನುತ್ತಿದ್ದರು.

ಅಷ್ಟರಲ್ಲಿ ಊರಿಗೆ ಕಣ್ಣುಬೇನೆ ಬಂತು.

ಮೊದಲು ಬಂದದ್ದು ಮಾವಶಿಯ ಪಕ್ಕದ ಮನೆಯಾಕೆಗೆ. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡು ಬಿಡಿಸಲು ಬರುತ್ತಿರಲಿಲ್ಲ. ಹಳದಿ ಪಿಸುರು ಬೇರೆ. ಪಾಪ, ಡಾಕ್ಟರ ಹತ್ತಿರ ಹೋಗಿ, ಸರತಿಯಲ್ಲಿ ಕೂತು, ತನ್ನ ಕಣ್ಣಿಗೆಂದು ಒಂದು ಬಾಟ್ಲಿ ಮದ್ದು ಬರೆಸಿಕೊಂಡು ತಂದಳು. ತಂದು ಮಾಡಿದ ಒಂದೇ ತಪ್ಪೆಂದರೆ ಮಾವಶಿಯ ಜಗಲಿಯ ಮುಂದೆ ಹಾದುಹೋದದ್ದು.

"ಎಂತದು ಕೈಲಿ? ಕಣ್ಣಿನ ಮದ್ದಾ? ಇಷ್ಟು ದೊಡ್ಡ ಬಾಟ್ಲಿ ನಿನ್ನ ಎರಡು ಕಣ್ಣಿಗಾ? ತಾ ಇಲ್ಲಿ."

ಹತ್ತು ನಿಮಿಷದಲ್ಲಿ ಜಗಲಿಯಲ್ಲಿ ಸಾಲು. ಕಣ್ಣು ಕೆಂಪಾದವರು ಇಬ್ಬರು, ಕೆಂಪಾದೀತೆಂದು ಹೆದರಿದವರು ಐವರು. ಈ ಐವರಲ್ಲಿ ಒಬ್ಬ ಸಿಲಿಂಡರ್ ಇಳಿಸಲು ಬಂದ ಗ್ಯಾಸಿನವನು. ಇನ್ನೊಬ್ಬರು, ಹೇಳಲು ನಾಚಿಕೆಯಾಗುತ್ತದೆ, ನನ್ನ ಯಜಮಾನರು! ಬಿಣಗಾದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿಕೊಂಡೇ ಕೆಲಸ ಮಾಡುವ ಮನುಷ್ಯ, ಮಾವಶಿಯ ಜಗಲಿಯಲ್ಲಿ ಕನ್ನಡಕ ತೆಗೆದು, ತಲೆ ಹಿಂದಕ್ಕೆ ಒರಗಿಸಿ, ತೀರ್ಥಕ್ಕೆ ಕಾದ ಭಕ್ತನಂತೆ ಕೂತಿದ್ದರು.

ಮಾವಶಿ ಮದ್ದು ಬಿಡುವ ರೀತಿಯನ್ನು ನೀವು ನೋಡಬೇಕಿತ್ತು. ಮೀನು ಬಾಚುವ ಕೈಯನ್ನು ಸೆರಗಿಗೆ ಒರೆಸಿದರೆ ಅದೇ ಕೈತೊಳೆದದ್ದು. ಬಾಟ್ಲಿಯ ಮೂತಿಯನ್ನು ಕಣ್ಣಿನ ಮೂಲೆಗೆ ಒತ್ತಿ ಹಿಡಿದು ಪಿಚಕ್ ಎನ್ನಿಸುವುದು.

"ಮಾವಶಿ, ಮೂತಿ ಕಣ್ಣಿಗೆ ತಾಗ್ತಾ ಇದೆ" ಎಂದೆ.

"ತಾಗ್ಲೇಬೇಕು. ತಾಗದಿದ್ರೆ ಮದ್ದು ಹೋಯ್ತು ಅಂತ ಗೊತ್ತಾಗೂದು ಹೆಂಗೆ? ಎಲ್ಲಿ, ನಿಂದು ಕಣ್ಣು ಬಿಡು."

"ನನಗೇನೂ ಆಗಿಲ್ಲ ಮಾವಶಿ."

"ಆಗೂಕೆ ಮುಂಚೆಯೇ ಹಾಕ್ಬೇಕು! ಅಲ್ಲ, ಆದ್ಮೇಲೆ ಯಾರು ಬೇಕಾದ್ರೂ ಹಾಕ್ತಾರೆ."

ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಓಡಿಬಂದೆ. ಏಳನೆಯವರ ಕಣ್ಣಿಗೆ ಬಿಡುವಾಗ ಬಾಟ್ಲಿ ಬರಿದಾಯಿತು. ಹಂಚುವವರಿಗೆ ಯಾವಾಗಲೂ ಕೊನೆಯ ಪಾಲು. ಮಾವಶಿಗೆ ಒಂದು ಹನಿಯೂ ಉಳಿಯಲಿಲ್ಲ. ಬಾಟ್ಲಿಯ ಒಡತಿಗೂ ಉಳಿಯಲಿಲ್ಲ ಎಂಬುದನ್ನು ಆಕೆ ಸಂಕೋಚದಿಂದ ಹೇಳಲೇ ಇಲ್ಲ.

ಮೂರನೆಯ ದಿನಕ್ಕೆ ಫಲಿತಾಂಶ ಬಂತು. ಏಳಕ್ಕೆ ಏಳೂ ಜನರ ಕಣ್ಣು ಕುಂಕುಮ! ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ಮಾವಶಿಯ ಸಮಪಾಲಿನಲ್ಲಿ ಲೋಪ ಹುಡುಕುವುದುಂಟೇ? ನನ್ನ ಯಜಮಾನರು ಒಂದು ವಾರ ರಜೆ ಹಾಕಿ, ಕಪ್ಪು ಕನ್ನಡಕ ಹಾಕಿಕೊಂಡು ಟಿವಿಯನ್ನು ಕೇಳುತ್ತ ಕೂತರು. ಗ್ಯಾಸಿನವನು ಆಮೇಲೆ ಸಿಲಿಂಡರನ್ನು ರಸ್ತೆಯಲ್ಲೇ ಇಳಿಸಿ ಹಾರ್ನ್ ಹೊಡೆದು ಹೋಗತೊಡಗಿದ.

ಇನ್ನು ನಮ್ಮ ಸಂಬಂಧಿಕರ ವಾಟ್ಸಾಪ್ ಗುಂಪು! ಅಂಕೋಲೆಯಿಂದ ಒಬ್ಬರು ಜೇನುತುಪ್ಪ ಬಿಡಿ ಎಂದರು. ಇನ್ನೊಬ್ಬರು ನಂದಿಬಟ್ಟಲ ಹೂವು ಎಂದರು. ಮತ್ತೊಬ್ಬರು ಬಾಣಂತಿಯ ಎದೆಹಾಲು ಎಂದರು. ಕೋಡಿಬಾಗದಲ್ಲಿ ಸದ್ಯಕ್ಕೆ ಬಾಣಂತಿ ಇದ್ದದ್ದು ಒಬ್ಬಳೇ, ಆಕೆ ಎರಡು ದಿನ ಬಾಗಿಲು ತೆರೆಯಲಿಲ್ಲ. ಡಾಕ್ಟರ ಹತ್ತಿರ ಹೋಗಿ ಎಂದವರು ಒಬ್ಬರೂ ಇಲ್ಲ. ಅಷ್ಟು ದೂರದ ಉಪಾಯ ಯಾರಿಗೆ ತಾನೆ ಹೊಳೆದೀತು?

ಕಣ್ಣಿಗೆ ಮದ್ದು ಬಿಟ್ಟ ಕೈಗೆ ಕಣ್ಣುಬೇನೆ ಬಾರದಿರುತ್ತದೆಯೇ? ಮಾವಶಿಯ ಎಡಗಣ್ಣೂ ಕೆಂಪಾಯಿತು. ಆದರೆ ಮಾರನೆಯ ದಿನವೇ ಅವರು ಬೆಳ್ಳಗಿನ ಕಣ್ಣು ಬಿಟ್ಟುಕೊಂಡು ನಮ್ಮ ಮನೆಗೆ ಬಂದು ನಿಂತರು.

"ನೋಡು ಕಾನ್ವೆಂಟಬಾಯಿ, ಒಂದೇ ದಿನದಲ್ಲಿ ಹೋಯ್ತು. ಡಾಕ್ಟ್ರು ಬೇಡ, ಎಂತದೂ ಬೇಡ."

"ಯಾವ ಮದ್ದು ಹಾಕಿದಿರಿ?"

"ನನ್ನ ಡಬ್ಬಿದು."

ಆ ಡಬ್ಬಿಯ ಬಗ್ಗೆ ಹೇಳದಿದ್ದರೆ ಈ ಕತೆ ಪೂರ್ತಿಯಾಗುವುದಿಲ್ಲ. ಆಗಲೇ ಅವರ ಜೊತೆ ಅವರ ಮನೆಗೆ ಹೋಗಿ ತೆರೆದು ನೋಡಿದೆ. ಹಳೆಯ ಬಿಸ್ಕತ್ತಿನ ತಗಡು ಡಬ್ಬಿ. ಅದರಲ್ಲಿ ಊರಿನವರೆಲ್ಲ ಉಳಿಸಿ ಬಿಟ್ಟ ಹನಿಮದ್ದುಗಳು. ಯಾರದೋ ಪೊರೆ ಆಪರೇಷನ್ನಿನ ನಂತರದ್ದು, ಯಾರದೋ ಅಲರ್ಜಿಯದ್ದು, ಅಕ್ಷರ ಅಳಿಸಿಹೋದದ್ದು ನಾಲ್ಕಾರು, ಕಿವಿಯದ್ದೂ ಒಂದು. "ಇದು ಕಿವಿಗೆ ಹಾಕುವುದು ಮಾವಶಿ!" ಎಂದರೆ, "ಕಿವಿಗೂ ಕಣ್ಣಿಗೂ ಎಂತ ಬಹಳ ದೂರ ಉಂಟಾ?" ಎಂದರು. ಒಂದು ಬಾಟ್ಲಿಯ ಮೇಲೆ ಹೋದ ವರ್ಷ ತೀರಿಕೊಂಡ ಹಿರಿಯರೊಬ್ಬರ ಹೆಸರಿತ್ತು. ಇದನ್ನೂ ಇಟ್ಟುಕೊಂಡಿದ್ದೀರಾ ಎಂದೆ.

"ಅವರು ಎಂತ ಈ ಮದ್ದಿನಿಂದ ಸತ್ತದ್ದಾ? ಹೃದಯ ನಿಂತು ಸತ್ತದ್ದು. ಮದ್ದಿನ ತಪ್ಪೆಂತ?"

ಇಂಥ ವಾದಕ್ಕೆ ಕಾನ್ವೆಂಟಿನಲ್ಲಿ ಉತ್ತರ ಕಲಿಸುವುದಿಲ್ಲ. ನಾನು ಮನೆಗೆ ಬಂದು ಸುಮ್ಮನಾದೆ. ಸುಮ್ಮನಾದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಫ್ರಿಜ್ಜಿನ ಬಾಗಿಲು ತೆರೆದರೆ ಬೆಣ್ಣೆಯ ಹಿಂದೆ ನನ್ನದೇ ಒಂದು ಕಣ್ಣಿನ ಬಾಟ್ಲಿ ಕೂತಿತ್ತು. ಯಾವಾಗ ತೆರೆದದ್ದು, ಏಕೆ ತಂದದ್ದು, ದೇವರೇ ಬಲ್ಲ. ಉಪ್ಪಿನಕಾಯಿಗೆ ತಾರೀಖು ಬರೆಯುವ ಮೂವತ್ತೊಂದನೇ ನಂಬರು ಕಣ್ಣಿನ ಮದ್ದಿಗೆ ಬರೆದಿರಲಿಲ್ಲ!

ಐದಾರು ದಿನ ಕಳೆಯಿತು. ಮಾವಶಿ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡತೊಡಗಿದರು. ಕೇಳಿದರೆ "ಸ್ಟೈಲು" ಎಂದರು. ಚಹಾ ಕೊಟ್ಟರೆ ಕಪ್ಪನ್ನು ಬಸಿಯ ಅಂಚಿಗೆ ಇಟ್ಟರು. ಬಾಗಿಲ ಚಿಲಕವನ್ನು ಕೈಯಾಡಿಸಿ ಹುಡುಕಿದರು. ಇವೆಲ್ಲ ನಾನು ಗಮನಿಸಿದೆ, ಆದರೆ ನಾನು ಹೆದರಿದ್ದು ಬಾಳೆಹಣ್ಣಿನಿಂದ. ನಾನು ಒಯ್ದ ಎಂಟು ಹಣ್ಣಿನ ಚಿಪ್ಪನ್ನು ಅವರು ಎಂದಿನಂತೆ ಎರಡು ಭಾಗ ಮಾಡಿ, ಒಂದನ್ನು ನನ್ನ ಕೈಗಿತ್ತರು.

ನನ್ನ ಕೈಯಲ್ಲಿ ಐದು. ಅವರ ಕೈಯಲ್ಲಿ ಮೂರು.

ಮಾವಶಿಯ ಕಣ್ಣಳತೆ ತಪ್ಪುವುದೇ! ನಾನು ಅವರ ಕನ್ನಡಕ ತೆಗೆದೆ. ಎಡಗಣ್ಣು ಬಾತುಕೊಂಡಿತ್ತು. ಕಪ್ಪುಗುಡ್ಡೆಯ ಅಂಚಿನಲ್ಲಿ ಅನ್ನದ ಅಗುಳಿನ ತುದಿಯಷ್ಟು ಬಿಳಿಯ ಚುಕ್ಕೆ.

"ಯಾವಾಗಿಂದ ನೋವು?"

"ಸ್ವಲ್ಪ ಚುಚ್ತದೆ ಅಷ್ಟೆ." ಆಮೇಲೆ ಸಣ್ಣ ದನಿಯಲ್ಲಿ, "ಬಲೆಯವರಿಗೆ ಹೇಳ್ಬೇಡ ಗೋ."

ಕಾರವಾರದ ಕಣ್ಣಿನ ಡಾಕ್ಟರು ಮಾವಶಿಗೆ ಮಗಳಾಗುವ ವಯಸ್ಸಿನವರು, ಆದರೆ ನೋಟ ನಮ್ಮ ಸಿಸ್ಟರುಗಳದ್ದೇ. ದೀಪ ಬಿಟ್ಟು ನೋಡಿದರು. ಆ ಬಿಳಿಯ ಚುಕ್ಕೆ ಹುಣ್ಣು ಎಂದು ಹೇಳಿ, ಅದರ ಚೂರನ್ನು ಪರೀಕ್ಷೆಗೆ ಕೆರೆದು ತೆಗೆದರು. ನಾನು ಚೀಲದಿಂದ ಆ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಬಾಟ್ಲಿ ಎತ್ತಿ ನೋಡುತ್ತ ಹೋದಂತೆ ಅವರ ಹುಬ್ಬೂ ಎತ್ತರಕ್ಕೆ ಹೋಯಿತು.

"ಯಾವುದನ್ನ ಹಾಕಿದ್ರಿ ಅಮ್ಮಾ?"

ಮಾವಶಿ ತಡವಿ ಒಂದನ್ನು ತೋರಿಸಿದರು.

"ಇದರಲ್ಲಿ ಸ್ಟಿರಾಯ್ಡ್ ಇದೆ. ಕೆಂಪು ಬೇಗ ಹೋಗ್ತದೆ, ಸೋಂಕು ಒಳಗೇ ಬೆಳೀತದೆ. ಕಣ್ಣು ಬೆಳ್ಳಗಾಯ್ತು ಅಂತ ನೀವು ಖುಷಿಪಟ್ಟಿರಿ, ಒಳಗಿದ್ದ ಬ್ಯಾಕ್ಟೀರಿಯಾ ನಿಮಗಿಂತ ಹೆಚ್ಚು ಖುಷಿಪಟ್ಟಿತು. ಇದಕ್ಕಿಂತ ಮುಂಚೆ ಬೇರೆ ಯಾರಿಗಾದ್ರೂ ಮದ್ದು ಹಾಕಿದ್ರಾ, ಒಂದೇ ಬಾಟ್ಲಿಯಿಂದ?"

"ಹೆಚ್ಚಿಲ್ಲ. ಏಳು ಜನ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಬಲಗಣ್ಣಿಗೆ ಹೇಗೂ ಪೊರೆ ಇದೆ, ಕಾಣುವುದು ಈ ಒಂದೇ ಕಣ್ಣು, ಹುಣ್ಣು ಮಧ್ಯಕ್ಕೆ ಹರಡಿದರೆ ಗುಣವಾದರೂ ಕಲೆ ಉಳಿದು ದೃಷ್ಟಿ ಹೋಗುತ್ತದೆ ಎಂದರು. ಎರಡು ಬಗೆಯ ಹನಿಮದ್ದು ಬರೆದರು. ಒಂದನ್ನು ಸದ್ಯಕ್ಕೆ ಗಂಟೆಗೊಮ್ಮೆ ಹಾಕಬೇಕು, ತಪ್ಪಿಸುವಂತಿಲ್ಲ.

ಮಾವಶಿ ಕೇಳಿದ್ದು ಒಂದೇ ಪ್ರಶ್ನೆ. "ನಾರಳಿ ಹುಣ್ಣಿಮೆಗೆ ದಂಡೆಗೆ ಹೋಗ್ಬಹುದಾ?"

"ಹುಣ್ಣಿಮೆಗೆ ಇನ್ನೂ ಐದು ವಾರ ಇದೆಯಲ್ಲ. ನಾನು ಹೇಳಿದ ಹಾಗೆ ಹಾಕಿದ್ರೆ ಹೋಗಬಹುದು. ನೀವು ಹೇಳಿದ ಹಾಗೆ ಹಾಕಿದ್ರೆ ಯಾರಾದ್ರೂ ಕೈಹಿಡಿದು ಕರ್ಕೊಂಡು ಹೋಗ್ಬೇಕಾಗ್ತದೆ."

ಆವತ್ತೇ ಮಾವಶಿಯನ್ನು ನಮ್ಮ ಮನೆಗೆ ಕರೆತಂದೆ. ಅಲ್ಲಿಂದ ಶುರುವಾಯಿತು ನೋಡಿ ಯುದ್ಧ!

ಮೊದಲು ಬಾಟ್ಲಿಗೆ ಚೀಟಿ ಅಂಟಿಸಿದೆ: ಮಾವಶಿಯ ಹೆಸರು, ತೆರೆದ ತಾರೀಖು. ತೆರೆದು ನಾಲ್ಕು ವಾರವಾದರೆ, ಒಳಗೆ ಮದ್ದು ಉಳಿದಿದ್ದರೂ ಎಸೆಯಬೇಕೆಂದು ಡಾಕ್ಟರು ಹೇಳಿದ್ದರು.

"ಬಾಟ್ಲಿಗೆ ನಾಮಕರಣ ಮಾಡ್ದೆ, ಹುಟ್ಟಿದ ದಿನ ಬರದೆ. ಸಾಯೂ ದಿನವೂ ಬರೀತೆಯಾ?"

"ಹೌದು ಮಾವಶಿ, ಅದನ್ನೂ ಬರೆದಿದ್ದೇನೆ."

ಗಂಟೆ ಹೊಡೆದರೆ ಸಾಕು, ನಾನು ಕೈಗೆ ಸೋಪು ಹಚ್ಚಬೇಕು. "ಗಂಟೆಗೊಂದ್ಸಲ ಕೈ ತೊಳದ್ರೆ ಕೈರೇಖೆಯೇ ಅಳಿಸಿ ಹೋಗ್ತದೆ ಗೋ, ನಾಳೆ ಜೋಯಿಸರು ಎಂತ ನೋಡೂದು?" ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಪಿಸುರು ಒರೆಸಿ, ಆ ಹತ್ತಿಯನ್ನು ಎಸೆಯಬೇಕು. "ಎಸದ್ಯಾ? ಇನ್ನೊಂದು ಬದಿ ಚಲೋ ಇತ್ತಲ್ಲೆ!" ಆಮೇಲೆ ಕೈ ಮತ್ತೊಮ್ಮೆ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದರೆ ಅಲ್ಲೊಂದು ಪುಟ್ಟ ಜೇಬು ಆಗುತ್ತದೆ. ಬಾಟ್ಲಿಯ ಮೂತಿ ರೆಪ್ಪೆಗಾಗಲಿ ಕೂದಲಿಗಾಗಲಿ ಬೆರಳಿಗಾಗಲಿ ತಾಗದ ಹಾಗೆ ಮೇಲಿನಿಂದ ಆ ಜೇಬಿಗೆ ಒಂದು ಹನಿ. ಒಂದೇ!

"ಒಂದೇಯಾ? ಎಂಥ ಜಿಪುಣಿ ಇದ್ದೆ ಗೋ ನೀನು! ಇನ್ನೊಂದು ಬಿಡು."

"ಕಣ್ಣಿನಲ್ಲಿ ಒಂದು ಹನಿಗೇ ಜಾಗ ಇರೋದಂತೆ. ಎರಡನೆಯದು ಕೆನ್ನೆಗೆ."

"ಕೆನ್ನೆಗೂ ಸ್ವಲ್ಪ ಇರ್ಲಿ."

ಹನಿ ಬಿಟ್ಟ ಮೇಲೆ ಕಣ್ಣು ಪಟಪಟನೆ ಬಡಿಯಬಾರದು, ಉಜ್ಜಬಾರದು. ಮೆಲ್ಲಗೆ ಮುಚ್ಚಿ ಕೂರಬೇಕು. ಮೊದಲ ದಿನ ಹಾಗೆ ಕೂತವರು ಥಟ್ಟನೆ ಮುಖ ಹಿಂಡಿದರು. "ಕಹಿ! ಕಣ್ಣಿಗೆ ಹಾಕಿದ್ದು ಬಾಯಿಗೆ ಬಂತು!" ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ದಾರಿ ಇದೆ, ಮದ್ದು ಅಲ್ಲಿಂದ ಇಳಿಯುತ್ತದೆ ಎಂದು ವಿವರಿಸಿದೆ. ಮಾವಶಿಯ ಮುಖ ಅರಳಿತು.

"ನೋಡಿದ್ಯಾ! ಮದ್ದೇ ತಾನಾಗಿ ಪಾಲು ಮಾಡ್ಕೊಳ್ತದೆ. ಕಣ್ಣಿಗೆ ಒಂದು, ಮೂಗಿಗೆ ಒಂದು, ಬಾಯಿಗೆ ಒಂದು. ದೇವರು ಮಾಡಿಟ್ಟ ದಾರಿ. ನಿನ್ನ ಡಾಕ್ಟ್ರಮ್ಮನಿಗೆ ಹೇಳು!"

ಹೇಳಿದೆ. ಮೂಗಿಗೂ ಬಾಯಿಗೂ ಪಾಲು ಕೊಡಬೇಡಿ, ಹನಿ ಬಿಟ್ಟೊಡನೆ ಕಣ್ಣಿನ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿಯಿರಿ ಎಂದು ಉತ್ತರ ಬಂತು. ಎರಡನೇ ಮದ್ದು ಹಾಕುವ ಹೊತ್ತಿನಲ್ಲಿ ನಡುವೆ ಐದು ನಿಮಿಷ ಕಾಯಬೇಕು, ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಆ ಐದು ನಿಮಿಷದಲ್ಲಿ ಕೋಡಿಬಾಗದ ಮೂರು ತಲೆಮಾರಿನ ಜಗಳಗಳನ್ನು ನಾನು ಕೇಳಿ ಮುಗಿಸಿದೆ.

ಅವರಿಗೆ ನಿಜವಾಗಿ ನೋವಾದದ್ದು ಟವೆಲ್ಲಿನ ವಿಷಯದಲ್ಲಿ. ಅವರ ಟವೆಲ್ಲನ್ನೂ ತಲೆದಿಂಬಿನ ಕವರನ್ನೂ ಬೇರೆ ಮಾಡಿ, ಬೇರೆ ಮೊಳೆಗೆ ನೇತುಹಾಕಿದ್ದೆ. ಅದನ್ನು ಮುಟ್ಟಿ ಮುಟ್ಟಿ ನೋಡಿದರು. "ನನ್ನ ಬೇರೆ ಮಾಡ್ದೆ ಅಲ್ಲ" ಎಂದರು. ಮನೆಯೊಡೆದು ಒಲೆ ಬೇರೆಯಾದಾಗ ಹೇಳುವ ಮಾತು ಅದು! ನನ್ನ ಟವೆಲ್ಲನ್ನೂ ತಂದು ತೋರಿಸಿ, "ನನ್ನದೂ ಬೇರೆಯೇ, ಇವರದ್ದೂ ಬೇರೆಯೇ" ಎಂದೆ. "ಹಾಂಗಾದ್ರೆ ಈ ಮನೇಲಿ ಯಾರಿಗೆ ಯಾರೂ ಇಲ್ಲ" ಎಂದು ತೀರ್ಪು ಕೊಟ್ಟರು.

ಎರಡನೇ ವಾರ ನೋವು ಹೋಯಿತು. ಕೆಂಪು ಇಳಿಯಿತು. ಗಂಟೆಗೊಮ್ಮೆ ಇದ್ದದ್ದು ದಿನಕ್ಕೆ ಆರು ಸಲಕ್ಕೆ ಬಂತು. ಒಂದು ಮಧ್ಯಾಹ್ನ ನಾನು ಬಟ್ಟೆ ಎತ್ತಿಕೊಂಡು ಒಳಗೆ ಬರುತ್ತೇನೆ, ಮಾವಶಿ ಗೇಟಿನ ಹತ್ತಿರ ನಿಂತಿದ್ದಾರೆ. ಎದುರಿಗೆ ಅವರ ಪಕ್ಕದ ಮನೆಯಾಕೆ. ಅವಳ ಕಣ್ಣು ಇನ್ನೂ ಅಂಟಂಟು, ಕೆಂಪು. ಮಾವಶಿಯ ಕೈಯಲ್ಲಿ ಬಾಟ್ಲಿ!

ನಾನು ಬಟ್ಟೆಯನ್ನು ಅಲ್ಲೇ ಚೆಲ್ಲಿ ಓಡಿ, ಬಾಟ್ಲಿ ಕಿತ್ತುಕೊಂಡೆ. ಜೀವನದಲ್ಲಿ ಮೊದಲ ಬಾರಿ ಹಿರಿಯರ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು.

"ನನಗೆ ಗುಣ ಆಯ್ತಲ್ಲೆ!" ಮಾವಶಿ ಕೂಗಿದರು. "ಇನ್ನೂ ಅರ್ಧ ಉಳದದೆ. ಅವಳ ಬಾಟ್ಲಿ ಹಂಚಿ ಖಾಲಿ ಮಾಡಿದ್ದು ನಾನು. ಅವಳಿಗೆ ಒಂದು ದಿನದ ಮದ್ದೂ ಉಳೀಲಿಲ್ಲ. ಈಗ ನನ್ನದು ಇಟ್ಕೊಂಡು ಅವಳ ಮುಖ ನೋಡೂದಾ?"

"ಗುಣ ಆದ ಹಾಗೆ ಕಾಣ್ತದೆ ಅಷ್ಟೆ ಮಾವಶಿ. ಹೇಳಿದಷ್ಟು ದಿನ ಹಾಕದಿದ್ರೆ ತಿರುಗಿ ಬರ್ತದೆ. ಮತ್ತೆ ಅವಳದು ಯಾವ ಸೋಂಕೋ, ಅವಳಿಗೆ ಯಾವ ಮದ್ದೋ."

"ಕಾನ್ವೆಂಟಿನಲ್ಲಿ ಇದನ್ನೇ ಕಲ್ಸಿದ್ದಾ? ಇದ್ದದ್ದನ್ನ ಹೆಸರು ಬರದು ಮುಚ್ಚಿಡೂದು?"

ನಾನು ಬಾಟ್ಲಿಯ ಮುಚ್ಚಳ ಬಿಗಿಮಾಡಿದೆ. ಮಾವಶಿ ಗೇಟಿಗೆ ಒರಗಿ, ಯಾರಿಗೋ ಹೇಳುವ ಹಾಗೆ ಹೇಳಿದರು. "ನಮ್ಮವರು ಸಮುದ್ರಕ್ಕೆ ಹೋದವರು ಬರ್ಲಿಲ್ಲ. ಆಗ ನನಗೆ ಇಪ್ಪತ್ಮೂರು. ಮೂರನೇ ದಿನ ಬಾಗಿಲು ತೆಗದ್ರೆ ಮೆಟ್ಲ ಮೇಲೆ ಒಂದು ಪಾಲು ಮೀನು. ನಾನು ಹಗ್ಗ ಎಳೀಲಿಲ್ಲ, ಎಂತದೂ ಇಲ್ಲ. ಬಲೆ ಬಿದ್ದ ದಿನ ಎಲ್ಲ, ಇಡೀ ವರ್ಷ. ಯಾರು ಇಟ್ಟದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಯಾರೂ ಚೀಟಿ ಹಚ್ಚಿರ್ಲಿಲ್ಲ."

ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದಳು. "ಸೆರಗು ತಾಗಿಸ್ಬೇಡ!" ಎಂದು ನಾನೂ ಮಾವಶಿಯೂ ಒಟ್ಟಿಗೇ ಕೂಗಿದೆವು. ಕೂಗಿದ ಮೇಲೆ ಮಾವಶಿಗೆ ತಮ್ಮ ಬಾಯಿಂದ ಏನು ಬಂತೆಂದು ಹೊಳೆದು, ಬೇರೆ ಕಡೆ ಮುಖ ತಿರುಗಿಸಿದರು.

ನಾನು ರಿಕ್ಷಾ ಕರೆಸಿ ಅವಳನ್ನು ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಸಂಜೆ ಅವಳದ್ದೇ ಬಾಟ್ಲಿಯೊಂದಿಗೆ ಹಿಂದಿರುಗಿ, ಮಾವಶಿಯ ಎದುರಿನಲ್ಲೇ ಅದಕ್ಕೆ ಅವಳ ಹೆಸರಿನ ಚೀಟಿ ಅಂಟಿಸಿದೆ. ಮಾವಶಿ ಆ ಚೀಟಿಯನ್ನು ಬೆರಳಿನಿಂದ ಸವರಿದರು.

"ಹಾಂಗಾದ್ರೆ ಹಂಚಬೇಕಾದ್ದು ಬಾಟ್ಲಿ ಅಲ್ಲ. ರಿಕ್ಷಾ."

ಈಗ ನೋಡಿ, ಕೋಡಿಬಾಗದಲ್ಲಿ ಯಾರ ಕಣ್ಣು ಕೆಂಪಾದರೂ ಮಾವಶಿ ರಿಕ್ಷಾ ನಿಲ್ಲಿಸುತ್ತಾರೆ. ಮೂವರ ರಿಕ್ಷಾಕ್ಕೆ ಐವರನ್ನು ತುಂಬುತ್ತಾರೆ, ಅದು ಬೇರೆ ಮಾತು. ಬಿಸ್ಕತ್ತಿನ ಡಬ್ಬಿಯಲ್ಲಿ ಸದ್ಯ ಬಿಸ್ಕತ್ತಿದೆ.

ನಾಲ್ಕನೇ ವಾರ ಡಾಕ್ಟರು ದೀಪ ಬಿಟ್ಟು ನೋಡಿ, ಹುಣ್ಣು ಮಾಯ್ದಿದೆ, ಅಂಚಿನಲ್ಲಿ ಸಣ್ಣ ಕಲೆ ಉಳಿದಿದೆ, ನೋಟಕ್ಕೆ ಅಡ್ಡಿಯಿಲ್ಲ ಎಂದರು. ಬಲಗಣ್ಣಿನ ಪೊರೆಗೆ ದೀಪಾವಳಿಯ ಮುಂಚೆ ದಿನ ಗೊತ್ತುಮಾಡಿದರು. ಆಶ್ಚರ್ಯವೆಂದರೆ ಮಾವಶಿ ಒಪ್ಪಿದರು. "ಗೋವಾವನ್ನೂ ಒಮ್ಮೆ ನೋಡುವ" ಎಂದರು.

ನಾರಳಿ ಹುಣ್ಣಿಮೆ ಕಳೆದು ಮೊದಲ ಬಲೆ ಬಿತ್ತು. ದಂಡೆಗೆ ಹೋದರೆ ಬಲೆಯ ಪಕ್ಕದಲ್ಲಿ ಹೊಸ ಕಾಟಾ ಪ್ಲಾಸ್ಟಿಕ್ ಕವರು ಹೊದ್ದು ಕೂತಿತ್ತು. ಮಾವಶಿಯ ಕಣ್ಣಿನ ಸುದ್ದಿ ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ಒಬ್ಬ ತಲೆ ಕೆರೆದುಕೊಳ್ಳುತ್ತ ಹೇಳಿದ, "ಮಾವಶಿ, ನೀವೇ ಹಾಕಿ. ಆದ್ರೆ ಒಂದೆರಡು ಗುಪ್ಪೆ ತೂಗಿ ನೋಡ್ತೇವೆ. ಬೇಜಾರ್ ಮಾಡ್ಕೋಬೇಡಿ."

"ತೂಗು. ನನಗೆಂತ ಬೇಜಾರು?"

ಅಂದರು ಮಾವಶಿ. ಸೊಂಟದಿಂದ ಒಂದು ಸೋಪಿನ ಚೂರು ತೆಗೆದು, ನೀರಿನ ಕೊಡದ ಹತ್ತಿರ ಹೋಗಿ ಕೈ ತೊಳೆದರು. ಮೀನು ಮುಟ್ಟುವ ಮುಂಚೆ ಸೋಪು ಹಚ್ಚಿದವರನ್ನು ಆ ದಂಡೆ ಅದುವರೆಗೆ ನೋಡಿರಲಿಲ್ಲ! ಆಮೇಲೆ ಸೀರೆ ಮೇಲಕ್ಕೆ ಕಟ್ಟಿ, ಬಂಗಡೆ ಬಾಚತೊಡಗಿದರು. ಗುಪ್ಪೆ, ಗುಪ್ಪೆ, ಗುಪ್ಪೆ. ಕಡೆಗೆ ಸಾಲಿನ ತುದಿಯಲ್ಲಿ ನಿಂತು ನೋಡಿ, ಇಲ್ಲಿಂದ ಒಂದು ತೆಗೆದು ಅಲ್ಲಿ ಎಸೆದರು.

ಅವನು ಒಂದು ಗುಪ್ಪೆ ತೂಗಿದ. ಸಾಲಿನ ನಡುವಿನಿಂದ ಇನ್ನೊಂದು ತೂಗಿದ. ತುದಿಯಿಂದ ಮತ್ತೊಂದು. ಮೂರಕ್ಕೂ ಅಂಕಿ ಹೆಚ್ಚುಕಡಿಮೆ ಒಂದು ಬಾಲದಷ್ಟು! ಅವನು ಕಾಟಾದ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡ.

ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡು ಹೋದರು. ಸಾಲಿನಲ್ಲಿ ಒಂದು ಗುಪ್ಪೆ ಹಾಗೇ ಉಳಿಯಿತು.

"ಇದು ಯಾರದು ಮಾವಶಿ?"

"ನಿಂದು."

"ನನ್ನದಾ? ನಾನು ಹಗ್ಗ ಮುಟ್ಟಲೇ ಇಲ್ಲವಲ್ಲ!"

"ಗಂಟೆಗೊಂದ್ಸಲ ನನ್ನ ರೆಪ್ಪೆ ಎಳದ್ಯಲ್ಲೆ, ಅದೆಂತದು ಮತ್ತೆ?" ಎಂದು ಮಾವಶಿ ಮೀನನ್ನು ನನ್ನ ಚೀಲಕ್ಕೆ ತುಂಬಿದರು. "ಇಲ್ಲಿ ಕೇಳು ಕಾನ್ವೆಂಟಬಾಯಿ. ಇದನ್ನ ಯಾರಿಗೂ ಹಂಚೂದಲ್ಲ. ಇದು ನಿನ್ನೊಬ್ಬಳದು. ಬೇಕಾದ್ರೆ ಚೀಟಿ ಹಚ್ಚು."

ಮನೆಗೆ ಬಂದು ಮೀನು ತೊಳೆಯುವಾಗ ಅಭ್ಯಾಸಬಲದಿಂದ ಎಣಿಸಿದೆ. ಹದಿಮೂರು. ಮಾವಶಿಯ ಪಕ್ಕದ ಮನೆಯಾಕೆಗೆ ಫೋನು ಮಾಡಿ, ನಿಮ್ಮ ಪಾಲಿನಲ್ಲಿ ಎಷ್ಟಿತ್ತು ಎಂದು ಕೇಳಿದೆ. ಹನ್ನೆರಡು. ಅವಳ ನಾದಿನಿಯದ್ದೂ ಹನ್ನೆರಡು.

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ನನ್ನನ್ನೇ ಕೇಳಿದರು. "ಹೇಗಿದೆ ಈಗ? ಎಲ್ಲ ಸರಿಯಾಗಿ ಕಾಣ್ತದಾ ಇವರಿಗೆ? ಏನಾದ್ರೂ ತಪ್ಪು ಅಳತೆ, ವ್ಯತ್ಯಾಸ?"

ಮಾವಶಿ ಚಾವಣಿ ನೋಡುತ್ತ ಕೂತಿದ್ದರು.

"ಅಳತೆ ಏನೂ ತಪ್ಪಿಲ್ಲ ಡಾಕ್ಟರೇ" ಎಂದೆ. ಕಾನ್ವೆಂಟಿನಲ್ಲಿ ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ನಾನು ಹೇಳಿದ್ದು ಸುಳ್ಳಲ್ಲ.